ಗಡಾಯಿಕಲ್ಲಿನ ಮೆಟ್ಟಿಲಿನಿಂದ ಅಲಾರಂ ಪೆಟ್ಟಿಗೆಯವರೆಗೆ

ಕಾವಲು ಅಂದ್ರೆ ಏನು? ಬೀಗ ಹಾಕೋದಾ? ಅಷ್ಟೇ ಆಗಿದ್ದರೆ ಊರಲ್ಲಿ ಒಂದು ಕಳ್ಳತನವೂ ಆಗಬಾರದಿತ್ತು. ಕಾವಲು ಅಂದ್ರೆ ಜಾಗವನ್ನು ಭಾಗ ಮಾಡೋದು. ಯಾರು ಎಲ್ಲಿಯವರೆಗೆ ಬರಬಹುದು, ಯಾವಾಗ ಬರಬಹುದು, ಮೀರಿ ಬಂದರೆ ಯಾರಿಗೆ ಸುದ್ದಿ ಮುಟ್ಟಬೇಕು? ಈ ಮೂರಕ್ಕೆ ಮೊದಲೇ ಉತ್ತರ ಬರೆದಿಡೋದು. ಅಲಾರಂ ಹಾಕೋ ಹುಡುಗರು ಝೋನ್, ಪಾರ್ಟಿಷನ್ ಅಂತಾರಲ್ಲ, ಅದು ಇದೇ. ಹೆಸರು ಹೊಸದು. ವಿಷಯ ನಮ್ಮ ಕರಾವಳಿಗೆ ಹಳೆಯದು.

ಬೆಳ್ತಂಗಡಿಯ ಗಡಾಯಿಕಲ್ಲು ನೋಡಿ. 1794ರಲ್ಲಿ ಟಿಪ್ಪು ಸುಲ್ತಾನ್ ಅದರ ನೆತ್ತಿಯ ಮೇಲೆ ಜಮಲಾಬಾದ್ ಕೋಟೆ ಕಟ್ಟಿಸಿದ. ಸುತ್ತಲೂ ಕಡಿದಾದ ಬಂಡೆ, ಹತ್ತೋಕೆ ಕಿರಿದಾದ ಒಂದೇ ಮೆಟ್ಟಿಲ ದಾರಿ. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ಒಂದೇ ಝೋನ್. ಅಲ್ಲಿ ನಾಲ್ಕು ಜನ ನಿಂತರೆ ನೂರು ಜನರನ್ನು ತಡೆಯಬಹುದು. ಆದರೂ 1799ರಲ್ಲಿ ಕೋಟೆ ಬ್ರಿಟಿಷರ ಪಾಲಾಯ್ತು. ಶ್ರೀರಂಗಪಟ್ಟಣವೇ ಬಿದ್ದ ಮೇಲೆ ಕಲ್ಲಿನ ಮೇಲಿಂದ ಕೂಗಿದರೆ ಕೇಳೋರು ಯಾರು? ಕೂಗು ಕೇಳಿ ಓಡಿ ಬರೋರು ಇಲ್ಲದಿದ್ದರೆ ಎಷ್ಟು ಗಟ್ಟಿ ಕಾವಲಾದರೂ ವ್ಯರ್ಥ.

ಈಗ ಮೂಡುಬಿದಿರೆಗೆ ಬನ್ನಿ. ಅಲ್ಲಿನ ಸಿದ್ಧಾಂತ ಬಸದಿಯಲ್ಲಿ ಧವಲಾ, ಜಯಧವಲಾ, ಮಹಾಧವಲಾ ಎಂಬ ತಾಳೆಗರಿ ಗ್ರಂಥಗಳು ಶತಮಾನಗಳ ಕಾಲ ಬಿಗಿ ಕಾವಲಿನಲ್ಲಿದ್ದವು. ಜೈನ ಸಿದ್ಧಾಂತದ ಮೂಲಗ್ರಂಥಗಳು, ಹಳೆಗನ್ನಡ ಲಿಪಿಯಲ್ಲಿ. ದರ್ಶನಕ್ಕೆ ಉಂಟು, ಓದೋಕೆ ಇಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಗೆ ಪ್ರತಿ ಮಾಡಿಸುವ ಕೆಲಸ ಶುರುವಾಯ್ತು. ಪ್ರತಿ ಹೊರಗೆ ಹೋಗಕೂಡದು ಅನ್ನೋ ಕಟ್ಟು ಇತ್ತು. ಆದರೆ ಪ್ರತಿ ಮಾಡಲು ಕೂತ ಗಜಪತಿ ಉಪಾಧ್ಯಾಯರು ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿ ತಯಾರಿಸಿದರು. ಅದು ಸಹಾರನ್‌ಪುರ ಸೇರಿತು, ಅಲ್ಲಿ ನಾಗರಿ ಲಿಪಿಗೆ ಇಳಿಯಿತು. 1939ರಿಂದ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಧವಲಾ ಅಚ್ಚಾಯಿತು. ಬೀಗ ಒಡೆಯಲಿಲ್ಲ, ಗೋಡೆ ಕೊರೆಯಲಿಲ್ಲ. ಒಳಗೆ ಬರಲು ಅಧಿಕಾರ ಇದ್ದವರೇ ಅಕ್ಷರವನ್ನು ಹೊರಗೆ ತಂದರು. ಲೋಕಕ್ಕೆ ಉಪಕಾರವೇ ಆಯ್ತು ಬಿಡಿ. ಗರಿ ಇದ್ದಲ್ಲೇ ಇತ್ತು.

ರತ್ನದ ವಿಗ್ರಹಕ್ಕೆ ಆ ಭಾಗ್ಯ ಇಲ್ಲ. ಅದಕ್ಕೆ ಪ್ರತಿ ಇಲ್ಲ. 2013ರ ಜುಲೈ ಮೊದಲ ವಾರ, ಒಂದು ರಾತ್ರಿ, ಅದೇ ಸಿದ್ಧಾಂತ ಬಸದಿಯಿಂದ 15 ವಿಗ್ರಹಗಳು ಕಳವಾದವು. ಒಡಿಶಾ ಮೂಲದ ಆರೋಪಿಯನ್ನು ಪೊಲೀಸರು ಹಿಡಿದರು, ಹಲವು ವಿಗ್ರಹಗಳು ಮರಳಿದವು. ಆದರೆ ಆ ಬೆಳಗ್ಗೆ ಬರಿದಾದ ಪೀಠ ಕಂಡ ಊರಿನ ಸಂಕಟಕ್ಕೆ ಲೆಕ್ಕ ಕಟ್ಟೋರು ಯಾರು?

ವಿದ್ಯುತ್ ಅಲಾರಂ ಹುಟ್ಟಿದ್ದು ದೂರದ ಅಮೆರಿಕದಲ್ಲಿ. 1853ರಲ್ಲಿ ಆಗಸ್ಟಸ್ ಪೋಪ್ ಅನ್ನೋರು ಪೇಟೆಂಟ್ ಪಡೆದರು. ಬಾಗಿಲು ತೆರೆದರೆ ಸರ್ಕ್ಯೂಟ್ ಕೂಡಿ ಗಂಟೆ ಬಾರಿಸುತ್ತಿತ್ತು. ಗಂಟೆಯೇನೋ ಬಡಿಯಿತು, ಯಾವ ಬಾಗಿಲಪ್ಪ? ಆ ಪ್ರಶ್ನೆಗೆ ಉತ್ತರವೇ ಝೋನ್. ಮುಂಬಾಗಿಲು ಒಂದು ಝೋನ್, ಹಿತ್ತಲ ಬಾಗಿಲು ಇನ್ನೊಂದು, ತಿಜೋರಿ ಮತ್ತೊಂದು. ಮುಂಬಾಗಿಲಿಗೆ ಕೋಡ್ ಒತ್ತಲು ಕೆಲವು ಸೆಕೆಂಡ್ ಬಿಡುವು ಕೊಡಬಹುದು. ಕಿಟಕಿಗೆ ಬಿಡುವು ಯಾಕೆ? ಮನೆಯವರು ಕಿಟಕಿ ಹಾರಿ ಬರ್ತಾರಾ? ಹೊಗೆ ಸೆನ್ಸರ್, ಪ್ಯಾನಿಕ್ ಬಟನ್ ಮಾತ್ರ 24 ಗಂಟೆಯ ಝೋನ್. ಅಲಾರಂ ಆಫ್ ಮಾಡಿದ್ದರೂ ಅವು ಎಚ್ಚರವಾಗಿಯೇ ಇರಬೇಕು.

ಪಾರ್ಟಿಷನ್ ಅಂದ್ರೆ ಝೋನ್‌ಗಳ ಗುಂಪು. ಬಸದಿಯ ಮುಖಮಂಟಪ ಒಂದು ಗುಂಪು, ಭಂಡಾರದ ಕೋಣೆ ಇನ್ನೊಂದು. ಬೆಳಗ್ಗೆ ಪೂಜೆಗೆ ಮಂಟಪ ತೆರೆದಾಗ ಭಂಡಾರದ ಕಾವಲು ಹಾಗೇ ಇರಬೇಕು. ಕಸ ಗುಡಿಸುವವರ ಕೋಡ್ ಮಂಟಪಕ್ಕಷ್ಟೇ ಸಾಕು. ಬಂಟ್ವಾಳದ ತೋಟದ ಮನೆಯಲ್ಲೂ ಅಷ್ಟೇ. ಅಪ್ಪ ಅಮ್ಮ ಒಳಗೆ ಮಲಗಿರುವಾಗ ಅಡಿಕೆ ಕೊಟ್ಟಿಗೆ ಬೇರೆಯಾಗಿ ಕಾವಲಿನಲ್ಲಿರಬಹುದು. ಎಲ್ಲರಿಗೂ ಒಂದೇ ಕೋಡ್ ಕೊಟ್ಟರೆ? ಮನೆಯ ಬೀಗದ ಕೈ ಜಗಲಿಯಲ್ಲಿ ನೇತು ಹಾಕಿದ ಹಾಗೆ.

ಇನ್ನೊಂದು ರೋಗ ಇದೆ, ಬೈಪಾಸ್. ಮಳೆಗಾಲದ ಸಿಡಿಲಿಗೆ, ಸೆನ್ಸರ್ ಮೇಲೆ ಹರಿದಾಡುವ ಹಲ್ಲಿಗೆ ಅಲಾರಂ ಸುಮ್ಮನೆ ಕೂಗುತ್ತೆ. ನಾಲ್ಕು ಸಲ ಎದ್ದು ನೋಡ್ತಾರೆ. ಐದನೇ ಸಲ ಆ ಝೋನನ್ನೇ ಬಂದ್ ಮಾಡಿ ಮಲಗ್ತಾರೆ. ಮರುದಿನ ಮತ್ತೆ ಹಾಕೋ ನೆನಪು ಯಾರಿಗೂ ಇರಲ್ಲ. ಕಳ್ಳನಿಗೆ ಅಷ್ಟು ಸಾಕು.

ಯಂತ್ರಕ್ಕೂ ಮಿತಿ ಇದೆ ಸ್ವಾಮಿ. 2025ರ ಜನವರಿ 3ರಂದು ಬಂಟ್ವಾಳ ತಾಲೂಕಿನ ಬೋಳಂತೂರಿನಲ್ಲಿ ಬೀಡಿ ಉದ್ಯಮಿಯೊಬ್ಬರ ಮನೆಗೆ ಇ.ಡಿ. ಅಧಿಕಾರಿಗಳು ಅಂತ ಹೇಳಿಕೊಂಡು ಬಂದವರು ಸುಮಾರು 30 ಲಕ್ಷ ರೂಪಾಯಿ ದೋಚಿದರು. ಇಂಥಲ್ಲಿ ಬಾಗಿಲ ಸೆನ್ಸರ್ ಏನು ಮಾಡುತ್ತೆ? ಬಾಗಿಲು ತೆರೆಸಿದ್ದು ಭಯ. ಇಂಥ ಹೊತ್ತಿಗೇ ಪ್ಯಾನಿಕ್ ಬಟನ್, ಇಂಥ ಹೊತ್ತಿಗೇ ಬೆದರಿಕೆಯ ಕೋಡ್. ಒತ್ತಿದರೆ ಸೈರನ್ ಕೂಗಲ್ಲ, ಹೊರಗಿನವರಿಗೆ ಸುದ್ದಿ ಮಾತ್ರ ಹೋಗುತ್ತೆ. ಆದರೆ ಆ ಸುದ್ದಿ ಯಾರಿಗೆ? ಮಸ್ಕತ್‌ನಲ್ಲೋ ದುಬೈನಲ್ಲೋ ಇರುವ ಮಗನ ಮೊಬೈಲಿಗೆ ಹೋದರೆ ಅವನು ಅಲ್ಲಿಂದ ಓಡಿ ಬರೋಕಾಗುತ್ತಾ? ಪಕ್ಕದ ಮನೆಯವರ ನಂಬರ್ ಅದರಲ್ಲಿ ಇದೆಯಾ? ಠಾಣೆಯ ನಂಬರ್?

ಅಲಾರಂ ಹಾಕಿಸುವ ಮುನ್ನ ಒಂದು ಕಾಗದ ತಗೊಳ್ಳಿ. ಮನೆಯನ್ನೋ ಗುಡಿಯನ್ನೋ ಭಾಗ ಮಾಡಿ ಬರೆಯಿರಿ. ಪ್ರತಿ ಭಾಗದ ಮುಂದೆ ಮೂರು ಹೆಸರು: ತೆರೆಯುವವರು, ಮುಚ್ಚುವವರು, ಕೂಗು ಕೇಳಿ ಓಡಿ ಬರುವವರು. ಮೂರನೆಯ ಹೆಸರು ಖಾಲಿ ಉಳಿದರೆ, ಆ ಕೋಟೆ ಗಡಾಯಿಕಲ್ಲಿನ ಮೇಲಿದ್ದರೂ ಅಷ್ಟೇ.