ಗುಂಡಿನ ಮ್ಯಾಲಿನ ಲೇಪ

ಅಟ್ಟದಾಗ ಅಜ್ಜನ ಗುಂಡಿನ ಅಚ್ಚು ಸಿಕ್ತು ನೋಡ್ರಿ. ಸೀಸ 327 ಡಿಗ್ರಿಗೆ ಕರಗತೈತಿ, ಒಲಿ ಮ್ಯಾಲೇ ಎರಕ ಹೊಯ್ಯಬಹುದು. ಆದ್ರ ಮೆತ್ತಗಿನ ಸೀಸ ಬಂದೂಕಿನ ನಳಗಿಗೆ ಹತ್ತಿಕೊಳ್ಳತೈತಿ. ಅದಕ್ಕ ಹಿಂದಿನವರು ಕೊಬ್ಬು, ಮೇಣ ಸವರತಿದ್ರು. ಈಗ ಹೊರದೇಶದಾಗ ಪೌಡರ್ ಕೋಟಿಂಗ್ ಮಾಡಿ ಬೇಯಸ್ತಾರ.

ಈ ಲೇಪ ಸಣ್ಣ ಸಂಗತಿ ಅಲ್ಲ. 1857ರಲ್ಲಿ ಎನ್‌ಫೀಲ್ಡ್ ತೋಟಾಕ್ಕ ದನ, ಹಂದಿ ಕೊಬ್ಬು ಹಚ್ಚ್ಯಾರಂತ ಸುದ್ದಿ ಹಬ್ಬಿ ಸಿಪಾಯಿಗಳು ತಿರುಗಿಬಿದ್ದರು. ಅದೇ ವರ್ಷ ಆಯುಧಕ್ಕ ಪರವಾನಗಿ ಬೇಕೆಂಬ ಕಾಯ್ದೆ ಬಂತು. ಮುಧೋಳ ಸೀಮೆಯ ಹಲಗಲಿ ಬೇಡರು ಆಯುಧ ಒಪ್ಪಿಸಲಿಲ್ಲ. ಊರು ಸುಟ್ಟಿತು, 19 ಮಂದಿ ಗಲ್ಲಿಗೇರಿದರು.

ಇವತ್ತೂ 1959ರ ಕಾಯ್ದೆ ಪ್ರಕಾರ ಲೈಸನ್ಸ್ ಇಲ್ಲದ ಗುಂಡು ತಯಾರಿಸೋದು ಅಪರಾಧ. ಗೋವಿನಜೋಳ ಹಂದಿ ಪಾಲಾದರೂ ಬ್ಯಾಟರಿ ಹಿಡದು ಕೂಗತೀನಿ. ಅಚ್ಚು ಮತ್ತ ಅಟ್ಟಕ್ಕ ಇಟ್ಟೀನ್ರಿ.