ಒಂದೇ ಊರಿನ ವ್ರತ

ಏಕಾದಶಿ ದಿನ ಡಬ್ಬದ ತುಂಬ ಅಕ್ಕಿ ಇದ್ದರೂ ಒಲೆಯ ಮೇಲೆ ಅನ್ನಕ್ಕಿಡದವರನ್ನು ನೀವು ನೋಡಿರುತ್ತೀರಿ. ಅಕ್ಕಿಯೇ ಇಲ್ಲದವರ ಹಸಿವು ಬೇರೆ, ಇವರ ಉಪವಾಸ ಬೇರೆ. ಕಂಪ್ಯೂಟರ್ ಗೇಮುಗಳ ಚರಿತ್ರೆಯಲ್ಲೂ ಇಂಥದ್ದೊಂದು ವ್ರತ ಇದೆ ಅಂದ್ರೆ ನಗಬೇಡಿ.

ಸಿಡ್ ಮೈಯರ್ ರೂಪಿಸಿದ ಸಿವಿಲೈಸೇಶನ್ ಬಂದಿದ್ದು 1991ರಲ್ಲಿ. ಕ್ರಿ.ಪೂ. 4000ದಲ್ಲಿ ಆಟ ಶುರು. ನಿಮ್ಮ ಸರದಿ, ಆಮೇಲೆ ಎದುರಾಳಿಗಳ ಸರದಿ, ಹೀಗೇ ಆರು ಸಾವಿರ ವರ್ಷ. ಊರು ಕಟ್ಟಬೇಕು, ಅದರ ಪಕ್ಕ ಇನ್ನೊಂದು ಕಟ್ಟಬೇಕು, ಜಾಗ ಮುಗಿದರೆ ಪಕ್ಕದವನದ್ದು ಕಿತ್ಕೋಬೇಕು. 1993ರಲ್ಲಿ ಅಲನ್ ಎಮ್ರಿಚ್ ಎಂಬ ಲೇಖಕ ಮಾಸ್ಟರ್ ಆಫ್ ಓರಿಯನ್ ಬಗ್ಗೆ ಬರೆಯುತ್ತಾ ಇಂಥ ಆಟಗಳ ಸ್ವಭಾವವನ್ನು ನಾಲ್ಕು 'ಎಕ್ಸ್'ಗಳಲ್ಲಿ ಹಿಡಿದಿಟ್ಟ. ಹುಡುಕು, ಹಬ್ಬು, ಬಳಸು, ಮುಗಿಸು.

1996ರಲ್ಲಿ ಎರಡನೇ ಸಿವಿಲೈಸೇಶನ್ ಬಂದ ಮೇಲೆ ಕೆಲವು ಆಟಗಾರರು ಇದರಲ್ಲಿ 'ಹಬ್ಬು' ಅನ್ನೋದನ್ನೇ ಬಿಟ್ಟುಬಿಟ್ಟರು. ಇಡೀ ಆಟಕ್ಕೆ ಒಂದೇ ಊರು, ಗೆಲುವು ಮಾತ್ರ ಬೇಕೇ ಬೇಕು. ಇದಕ್ಕೆ ವನ್ ಸಿಟಿ ಚಾಲೆಂಜ್ ಅಂತ ಹೆಸರು ಬಿತ್ತು. ಒಂದೇ ಊರಿಟ್ಟುಕೊಂಡು ಜಗತ್ತನ್ನು ಜಯಿಸೋದು ಕಷ್ಟ. ಹಾಗಾಗಿ ಉಳಿದ ದಾರಿ ಆಕಾಶದ್ದು. ಎಲ್ಲರಿಗಿಂತ ಮೊದಲು ಆಲ್ಫಾ ಸೆಂಟಾರಿಗೆ ನೌಕೆ ಮುಟ್ಟಿಸಬೇಕು. ಅಷ್ಟರೊಳಗೆ ರಾಜಧಾನಿ ಶತ್ರುವಿನ ಪಾಲಾದರೆ ಎಲ್ಲ ಹೋಯಿತು. ಇರೋದೇ ಒಂದೂರು, ಅದೇ ರಾಜಧಾನಿ!

ನಾನು ಆಡುವಾಗ ರೂಮ್‌ಮೇಟ್ ಹಿಂದೆ ನಿಂತು ಕೇಳ್ತಿದ್ದ: "ಇಷ್ಟೊಂದು ಜಾಗ ಖಾಲಿ ಬಿದ್ದಿದೆ, ಇನ್ನೊಂದು ಊರು ಕಟ್ಟಿದ್ರೆ ನಿಂಗೇನ್ ಗುರು ಹೋಗೋದು?" ಸರಿಯಾದ ಪ್ರಶ್ನೆಯೇ. ನದಿ ಪಕ್ಕ ವಲಸಿಗ ನಿಂತಿರ್ತಾನೆ, 'ಬಿ' ಒತ್ತಿದರೆ ಊರು ರೆಡಿ. ಒತ್ತದೇ ಅವನ ಕೈಲಿ ರಸ್ತೆ ಹಾಕಿಸಬೇಕು.

ಊರು ಒಂದೇ ಆದಾಗ ಅದನ್ನು ನೋಡುವ ಕಣ್ಣು ಬದಲಾಗುತ್ತೆ. ಜನಸಂಖ್ಯೆ 8 ದಾಟಲು ಕಾಲುವೆ, 16 ದಾಟಲು ಒಳಚರಂಡಿ. ಸಮುದ್ರದ ವ್ಯಾಪಾರ ಹೆಚ್ಚಿಸಲು ಕೊಲೋಸಸ್, ಜನ ದಂಗೆ ಏಳದಿರಲು ಶೇಕ್ಸ್‌ಪಿಯರ್ ರಂಗಮಂದಿರ, ವಿಜ್ಞಾನಕ್ಕೆ ಕೋಪರ್ನಿಕಸ್ ವೀಕ್ಷಣಾಲಯ, ನ್ಯೂಟನ್ ಕಾಲೇಜು. ಹತ್ತಾರು ಊರಿದ್ದವನು ಒಳಚರಂಡಿ ಬಗ್ಗೆ ಇಷ್ಟು ತಲೆ ಕೆಡಿಸ್ಕೊಳ್ಳಲ್ಲ.

ಆದರೆ ನನಗೆ ಮುಖ್ಯ ಅನಿಸಿದ್ದು ಬೇರೆ. ಒಂದೇ ಊರಿನವನು ಒಂಟಿಯಾಗಿ ಬದುಕಲಾರ. ದೂರದ ಪರರಾಜ್ಯಗಳಿಗೆ ವ್ಯಾಪಾರದ ತಂಡ ಕಳಿಸಿದರೇ ಕೈಗೆ ಕಾಸು, ತಲೆಗೆ ವಿದ್ಯೆ. ಕಲಿತದ್ದನ್ನು ನೆರೆಯವರಿಗೆ ಪುಕ್ಕಟೆ ಹಂಚಿ ಸ್ನೇಹ ಉಳಿಸಿಕೊಳ್ಳಬೇಕು. ನೆಲದ ಆಸೆ ಬಿಟ್ಟವನಿಗೆ ನೆರೆಹೊರೆ ಬೇಕೇ ಬೇಕು. 'ಹಬ್ಬು' ಅನ್ನುವ ಆಟದೊಳಗೇ ಈ ಇನ್ನೊಂದು ಚರಿತ್ರೆ ಅಡಗಿತ್ತು. ಅದನ್ನು ಹೊರಗೆಳೆದದ್ದು ಆಟಗಾರರ ಹಠ.

ಆಟ ಮಾಡಿದವರೂ ಇದನ್ನು ಒಪ್ಪಿಕೊಂಡರು. 2005ರ ನಾಲ್ಕನೇ ಸಿವಿಲೈಸೇಶನ್‌ನಲ್ಲಿ ಈ ಚಾಲೆಂಜ್ ಒಂದು ಆಯ್ಕೆಯಾಗಿಯೇ ಬಂತು. ಗುರುತು ಹಾಕಿದರೆ ಸಾಕು, ಎರಡನೇ ಊರು ಕಟ್ಟಲು ಆಟವೇ ಬಿಡಲ್ಲ. 2013ರಲ್ಲಿ ಐದನೇ ಆಟದ ಬ್ರೇವ್ ನ್ಯೂ ವರ್ಲ್ಡ್ ವಿಸ್ತರಣೆಯಲ್ಲಿ ಎನ್ರಿಕೊ ದಾಂದೊಲೊನ ವೆನಿಸ್ ಬಂತು. ಅದಕ್ಕೆ ವಲಸಿಗರೇ ಇಲ್ಲ, ಬದಲಿಗೆ ಎರಡು ಪಟ್ಟು ವ್ಯಾಪಾರ ಮಾರ್ಗ. ನಿಜವಾದ ವೆನಿಸ್ ಕೂಡ ವ್ಯಾಪಾರದಿಂದಲೇ ಬೆಳೆದ ಊರಲ್ಲವೇ?

ಇದೆಲ್ಲ ಸಂತೋಷವೇ. ಆದರೂ ನನಗೆ ಹಳೆಯ ರೀತಿಯೇ ಇಷ್ಟ. ಆಟವೇ ತಡೆದರೆ ಅದು ಕಾನೂನು, ವ್ರತ ಅಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ ನಮ್ಮ ಹಿರಿಯರು. ಈ ಆಟಗಾರರಿಗೆ ಹಾಸಿಗೆ ಭೂಮಿಯಷ್ಟಿತ್ತು. ಟಾರ್ಗೆಟ್ ಮುಟ್ಟಿದ ದಿನವೇ ಇನ್ನೂ ದೊಡ್ಡ ಟಾರ್ಗೆಟ್ ಹಿಡಿಯುವ ನಮ್ಮಂಥವರು ಒಂದು ಸಂಜೆ ಇದನ್ನು ಆಡಿ ನೋಡಬೇಕು. 'ಬಿ' ಕೀ ಅಲ್ಲೇ ಇರುತ್ತೆ.