ಸ್ಕಾಮ್ಯಾಂಡರನ ಪೆಟ್ಟಿಗೆ

ಆಂಗ್ಲ ಲೇಖಕಿ ಜೆ. ಕೆ. ರೌಲಿಂಗರ ಹ್ಯಾರಿ ಪಾಟರ್ ಕಥಾಮಾಲೆಯು 2001ರಿಂದ 2011ರ ವರೆಗೆ ಎಂಟು ಚಲಚ್ಚಿತ್ರಗಳಾಗಿ ಹೊರಬಂದುದು ವಾಚಕರಿಗೆ ತಿಳಿದ ಸಂಗತಿಯೇ. ಬಾಳೆಯ ಬುಡದಲ್ಲಿ ಕಂದು ಒಡೆಯುವಂತೆ ಅದರ ಬುಡದಲ್ಲಿ ಹುಟ್ಟಿದುದು ‘ಫೆಂಟಾಸ್ಟಿಕ್ ಬೀಸ್ಟ್ಸ್’ ಎಂಬ ಚಿತ್ರಮಾಲೆ. ಇದರ ಮೂಲವಾದರೋ ಕಥೆಯೇ ಅಲ್ಲ. ಧರ್ಮಕಾರ್ಯಕ್ಕೆ ಹಣ ಕೂಡಿಸಲೆಂದು 2001ರಲ್ಲಿ ಪ್ರಕಟವಾದ ಕಿರುಹೊತ್ತಗೆಯೊಂದು. ಮಾಂತ್ರಿಕ ಶಾಲೆಯ ಪಠ್ಯಪುಸ್ತಕವೆಂಬ ಸೋಗಿನಲ್ಲಿ ಬರೆದ ಅದ್ಭುತ ಪ್ರಾಣಿಗಳ ಅಕಾರಾದಿ ವರ್ಣನೆ. ಅದರ ಕರ್ತೃವೆಂದು ಕಲ್ಪಿತನಾದ ನ್ಯೂಟ್ ಸ್ಕಾಮ್ಯಾಂಡರನೇ 2016ರ ಚಿತ್ರಕ್ಕೆ ನಾಯಕನಾದನು.

ಹ್ಯಾರಿಯು ವಿಧಿಯು ಗುರುತಿಟ್ಟ ಬಾಲಕ. ಸ್ಕಾಮ್ಯಾಂಡರನು ಪ್ರಾಯಕ್ಕೆ ಬಂದ ಪ್ರಾಣಿಶಾಸ್ತ್ರಜ್ಞ. ಎದುರಿಗಿದ್ದವರ ಮುಖವನ್ನು ನೆಟ್ಟಗೆ ನೋಡಲಾರದಷ್ಟು ಸಂಕೋಚದವನು. 1926ರ ನ್ಯೂಯಾರ್ಕಿಗೆ ಅವನು ಬರುವುದು ಯಾರನ್ನೂ ಗೆಲ್ಲುವುದಕ್ಕಲ್ಲ, ಪೆಟ್ಟಿಗೆಯಲ್ಲಿ ಸಾಕಿದ ಒಂದು ಪಕ್ಷಿಯನ್ನು ಅರಿಜೋನಾದ ಅದರ ನೆಲೆಗೆ ಬಿಡುವುದಕ್ಕೆ. ಇಂತಹ ನಾಯಕನು ಅಪೂರ್ವನೆಂಬುದರಲ್ಲಿ ಸಂಶಯವಿಲ್ಲ.

ಆ ನಗರದಲ್ಲಿ ಮಾಟಗಾರರನ್ನು ನಿರ್ಮೂಲ ಮಾಡಿರೆಂದು ಬೀದಿಯಲ್ಲಿ ಸಾರುವ ಸ್ತ್ರೀಯೊಬ್ಬಳು ತನ್ನ ಸಂಘಕ್ಕೆ ಸೇಲಮ್ಮಿನ ಹೆಸರನ್ನಿಟ್ಟಿದ್ದಾಳೆ. ಇದು ತಮಿಳು ನಾಡಿನ ಸೇಲಮ್ಮಲ್ಲ, ಅಮೆರಿಕೆಯ ಮ್ಯಾಸಚೂಸೆಟ್ಸಿನದು. ಅಲ್ಲಿ 1692ರಲ್ಲಿ ಮಾಟದ ಅಪವಾದ ಹೊರಿಸಿ 19 ಮಂದಿಯನ್ನು ಗಲ್ಲಿಗೇರಿಸಿದರು; ನ್ಯಾಯಸ್ಥಾನದಲ್ಲಿ ಉತ್ತರ ಕೊಡಲೊಲ್ಲದ ವೃದ್ಧನೊಬ್ಬನ ಮೈಮೇಲೆ ಕಲ್ಲು ಹೇರಿ ಕೊಂದರು. ಅವರಾರೂ ಮಾಟಗಾರರಲ್ಲ. ಚಿತ್ರವು ಈ ಇತಿಹಾಸವನ್ನು ಒಳಗಿನಿಂದ ತಿರುಗಿಸಿದೆ. ಆ ಸ್ತ್ರೀಯ ಸಾಕುಮಗ ಕ್ರೀಡೆನ್ಸನಲ್ಲಿ ಮಂತ್ರಶಕ್ತಿಯು ನಿಜವಾಗಿಯೇ ಉಂಟು. ಏಟಿಗೆ ಅಂಜಿ ಅದನ್ನು ಅದುಮಿಟ್ಟುದರಿಂದ ಅದು ಕರಿಯ ಸುಂಟರಗಾಳಿಯಾಗಿ ಕಟ್ಟಡಗಳನ್ನು ಕೆಡಹುತ್ತದೆ. ಮಾಂತ್ರಿಕರ ಸರಕಾರವು ಅವನನ್ನು ಕೊಲ್ಲಲು ಹೊರಟಾಗ, ಹೆದರಿದ ಮೃಗವನ್ನು ಸಂತೈಸಬಲ್ಲ ಸ್ಕಾಮ್ಯಾಂಡರನು ಅವನನ್ನು ಉಳಿಸಲು ಹೆಣಗುತ್ತಾನೆ. ನಾಯಕನ ವಿದ್ಯೆಯೂ ಕಥೆಯ ದುಃಖವೂ ಇಷ್ಟು ಚೆನ್ನಾಗಿ ಕೂಡಿದುದು ಈ ಮಾಲೆಯಲ್ಲಿ ಇಲ್ಲಿ ಮಾತ್ರ.

2018ರ ಮತ್ತು 2022ರ ಚಿತ್ರಗಳಲ್ಲಿ ಗ್ರಿಂಡೆಲ್ವಾಲ್ಡ್ ಮತ್ತು ಡಂಬಲ್‌ಡೋರರ ಹಳೆಯ ಸ್ನೇಹ ವೈರಗಳೇ ಮುಂದಾಗಿ, ಸ್ಕಾಮ್ಯಾಂಡರನು ಪರರ ಯುದ್ಧದಲ್ಲಿ ದೂತನಂತಾದನು. ಗ್ರಿಂಡೆಲ್ವಾಲ್ಡನ ಪಾತ್ರಧಾರಿಯೂ ನಡುವೆ ಬದಲಾದುದುಂಟು. ಆದರೆ ಅದಕ್ಕಿಂತ ಕಥೆಯು ನಾಯಕನ ಕೈಬಿಟ್ಟುದೇ ದೊಡ್ಡ ಹಾನಿ. ಮೊದಲನೆಯದು ಸುಮಾರು 81 ಕೋಟಿ ಡಾಲರು ಗಳಿಸಿದ್ದರೆ ಎರಡನೆಯದು 65 ಕೋಟಿ, ಮೂರನೆಯದು 40 ಕೋಟಿಯಷ್ಟೇ ಗಳಿಸಿದವು. ಐದು ಚಿತ್ರಗಳಾಗುವುವೆಂದು 2016ರಲ್ಲಿ ಸಾರಿದ್ದರು. ಮೂರನೆಯದರ ತರುವಾಯ ಕೆಲಸವು ನಿಂತಿತು.